ಮಗ ಕೂತಲ್ಲಿ ಕೂರುವುದಿಲ್ಲ: ನಾನು ಬೆಳೆಸಿದ್ದು ತಪ್ಪಾ, ಹುಟ್ಟಿನಿಂದಲೇ ಬಂದಿದ್ದಾ?

ನೀವು ಬರೆದಿರುವುದು ಇಷ್ಟು: ಮಗನಿಗೆ ಏಳು ವರ್ಷ, ಸಾಗರದಲ್ಲಿ ಎರಡನೇ ಕ್ಲಾಸು. ಕೂತಲ್ಲಿ ಕೂರುವುದಿಲ್ಲ, ಹೇಳಿದ ಮಾತು ಕಿವಿಗೇ ಬೀಳುವುದಿಲ್ಲ, ಬರೆಯಲು ಕೂರಿಸಿದರೆ ಎರಡು ಸಾಲಿಗೆ ಎದ್ದು ಹೋಗುತ್ತಾನೆ. ಶಾಲೆಯಿಂದ ಪದೇ ಪದೇ ದೂರು. ಎಂಟನೇ ತಿಂಗಳಿಗೇ ಹುಟ್ಟಿದ ಮಗು. ಬಸುರಿ ಇದ್ದಾಗ ಜ್ವರ ಬಂದು ಪ್ಯಾರಾಸಿಟಮಾಲ್ ತಗೊಂಡಿದ್ದಿರಿ, ಅದೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅತ್ತೆ ‘ಮುದ್ದು ಮಾಡಿ ಹಾಳು ಮಾಡಿದೆ’ ಅನ್ನುತ್ತಾರೆ. ಯಜಮಾನರು ಹಾಸ್ಟೆಲ್‌ಗೆ ಹಾಕೋಣ ಅನ್ನುತ್ತಿದ್ದಾರೆ. ತಪ್ಪು ನನ್ನದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಿಮ್ಮ ಮಗನಂಥ ಮಕ್ಕಳು ಹೆಚ್ಚುಕಮ್ಮಿ ಪ್ರತಿ ವರ್ಷ ಸಿಗುತ್ತಾರೆ. ಅವರ ಅಮ್ಮಂದಿರು ಗೇಟಿನ ಹತ್ತಿರ ನಿಂತು, ತಲೆ ತಗ್ಗಿಸಿಕೊಂಡು, ಇದೇ ಪ್ರಶ್ನೆ ಕೇಳುತ್ತಾರೆ. ಅಪ್ಪಂದಿರು ಕೇಳುವುದು ಕಡಿಮೆ. ಇದು ನನಗೆ ತುಂಬಾ ಬೇಜಾರಿನ ಸಂಗತಿ. ಅದಕ್ಕೇ ಈ ವಿಷಯ ಹುಡುಕಿ ಹುಡುಕಿ ಓದಿದ್ದೇನೆ.

ನೇರವಾಗಿ ಹೇಳುತ್ತೇನೆ. ನೀವು ಮುದ್ದು ಮಾಡಿದ್ದರಿಂದ ಮಗುವಿನ ಗಮನ ಹೀಗಾಗಿಲ್ಲ. ಆದರೆ ಇನ್ನು ಮುಂದೆ ಮನೆಯಲ್ಲಿ ಏನು ನಡೆಯುತ್ತೆ ಅನ್ನುವುದು ಅವನ ಪಾಲಿಗೆ ದೊಡ್ಡ ವಿಷಯ. ಎರಡೂ ನಿಜ.

ಡಾಕ್ಟರು ನೋಡಿ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂತ ಹೇಳಿದರೆ ಗಾಬರಿ ಆಗಬೇಡಿ. ಜಗತ್ತಿನಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳಿಗೆ ಇದು ಇದೆ. ಇದರ ಬೇರು ಎಲ್ಲಿದೆ ಅಂತ ತಿಳಿಯಲು ಅವಳಿ ಮಕ್ಕಳ ಮೇಲೆ ಹತ್ತಾರು ಅಧ್ಯಯನ ನಡೆದಿವೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೂ ಇರುವ ಸಂಭವ, ಬೇರೆ ಬೇರೆ ಅಂಡದ ಅವಳಿಗಳಿಗಿಂತ ತುಂಬಾ ಜಾಸ್ತಿ. ಎಲ್ಲ ಸೇರಿಸಿ ನೋಡಿದರೆ, ಈ ವಿಷಯದಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ 74ರಷ್ಟು ವಂಶವಾಹಿಗಳಿಂದ ಬರುತ್ತದೆ. ಮನುಷ್ಯರ ಎತ್ತರದ ಲೆಕ್ಕವೂ ಇದಕ್ಕೆ ಹತ್ತಿರವೇ. ಎತ್ತರದ ಅಪ್ಪನಿಗೆ ಎತ್ತರದ ಮಗ ಹುಟ್ಟಿದರೆ ಯಾರೂ ಅಮ್ಮನನ್ನು ಬೈಯುವುದಿಲ್ಲ ಅಲ್ವಾ? ಇದಕ್ಕೆ ಇಂಥದ್ದೇ ಒಂದು ವಂಶವಾಹಿ ಅಂತಿಲ್ಲ. ನೂರಾರು ಸೇರಿ, ಒಂದೊಂದೂ ಸಣ್ಣ ಸಣ್ಣ ಪಾಲು ಹಾಕುತ್ತವೆ.

ಅತ್ತೆಯವರನ್ನು ಬಿಡುವಾಗಿದ್ದಾಗ ಒಮ್ಮೆ ಕೇಳಿ ನೋಡಿ. ಜಗಳಕ್ಕಲ್ಲ, ಸುಮ್ನೆ. ಅಡಿಕೆ ಸುಲಿಯಲು ಕೂತ ಹೊತ್ತು ಒಳ್ಳೆಯದು. ‘ಇವರು ಚಿಕ್ಕವರಿದ್ದಾಗ ಹೇಗಿದ್ದರು ಅತ್ತೆ?’ ಅಂತ. ನಮ್ಮ ಶಾಲೆಯ ಪೋಷಕರ ಸಭೆಗೆ ಬರುವ ಅಜ್ಜಿಯರ ಬಾಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ: ‘ಇವನ ಅಪ್ಪನೂ ಹೀಗೇ ಇದ್ದ. ಕ್ಲಾಸಿನಲ್ಲಿ ಇದ್ದದ್ದಕ್ಕಿಂತ ಪೇರಲೆ ಮರದ ಮೇಲೆ ಇದ್ದದ್ದೇ ಜಾಸ್ತಿ.’ ಆಗ ಅದನ್ನು ಯಾರೂ ತೊಂದರೆ ಅಂತ ಕರೆಯಲಿಲ್ಲ. ಏಳನೇ ಕ್ಲಾಸು ಮುಗಿಸಿ ತೋಟಕ್ಕೆ ಇಳಿದರೆ ಆಯಿತು. ಇಡೀ ದಿನ ಓಡಾಟದ ಕೆಲಸ. ಕೂರಲಾಗದ ಹುಡುಗ ಅಲ್ಲಿ ಚುರುಕು ಹುಡುಗ ಅನಿಸಿಕೊಂಡ. ನಿಮ್ಮ ಮನೆಯ ಕಥೆ ನನಗೆ ಗೊತ್ತಿಲ್ಲ. ಆದರೆ ಕೇಳಿ ನೋಡಲು ಅಡ್ಡಿಯಿಲ್ಲ.

ಇನ್ನು ಎಂಟನೇ ತಿಂಗಳ ವಿಷಯ. ಅವಧಿಗೆ ಮೊದಲು ಹುಟ್ಟಿದ ಮಕ್ಕಳಲ್ಲಿ, ಹುಟ್ಟುವಾಗ ತೂಕ ಕಡಿಮೆ ಇದ್ದ ಮಕ್ಕಳಲ್ಲಿ, ಗಮನದ ತೊಂದರೆ ಹೆಚ್ಚು. ತೀರಾ ಮೊದಲು, ಅಂದರೆ 32 ವಾರಕ್ಕೂ ಮುಂಚೆ ಹುಟ್ಟಿದವರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಎಂಟನೇ ತಿಂಗಳಿಗೆ ಹುಟ್ಟಿದವರಲ್ಲಿ ಅಪಾಯ ಅಷ್ಟಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿ ಕುಡಿದ ಮದ್ಯ, ಚಿಕ್ಕಂದಿನಲ್ಲಿ ದೇಹಕ್ಕೆ ಸೇರಿದ ಸೀಸ, ಇವೂ ಮಿದುಳಿಗೆ ಪೆಟ್ಟು ಕೊಡುತ್ತವೆ. ಪ್ಯಾರಾಸಿಟಮಾಲ್ ಬಗ್ಗೆ ಮಾತ್ರ ನೀವು ಕೊರಗುವುದು ಬೇಡ. ಸ್ವೀಡನ್‌ನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿ 2024ರಲ್ಲಿ ವರದಿ ಮಾಡಿದ್ದಾರೆ. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು. ಒಂದು ಬಸುರಿಯಲ್ಲಿ ಮಾತ್ರೆ ತಗೊಂಡಿದ್ದಾರೆ, ಇನ್ನೊಂದರಲ್ಲಿ ಇಲ್ಲ. ಆ ಅಣ್ಣತಮ್ಮಂದಿರ ನಡುವೆ ಎಡಿಎಚ್‌ಡಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಮಿದುಳಿನೊಳಗೆ ಏನು ನಡೆಯುತ್ತೆ ಅಂತ ಅಮೆರಿಕದಲ್ಲಿ ಮಕ್ಕಳನ್ನು ವರ್ಷಾನುಗಟ್ಟಲೆ ಸ್ಕ್ಯಾನ್ ಮಾಡಿ ನೋಡಿದ್ದಾರೆ. 2007ರಲ್ಲಿ ಬಂದ ಫಲಿತಾಂಶ ನನಗೆ ಕ್ಲಾಸಿನಲ್ಲಿ ದಿನವೂ ನೆನಪಾಗುತ್ತದೆ. ಮಿದುಳಿನ ಹೊರಪದರ ಬೆಳೆದು ಗರಿಷ್ಠ ದಪ್ಪ ಮುಟ್ಟುವ ವಯಸ್ಸು ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು ಹತ್ತೂವರೆ. ತಡ ಆಗಿದ್ದು ಹೆಚ್ಚಾಗಿ ಹಣೆಯ ಹಿಂದಿನ ಭಾಗದಲ್ಲಿ. ತಡೆದುಕೊಳ್ಳುವುದು, ಕಾಯುವುದು, ಒಂದು ಕೆಲಸಕ್ಕೆ ಅಂಟಿಕೊಳ್ಳುವುದು, ಇದೆಲ್ಲ ಆ ಭಾಗದ ಕೆಲಸ. ಹಾಗಾಗಿ ಏಳು ವರ್ಷದವನ ಹತ್ತಿರ ನಾವು ಕೇಳುವ ತಾಳ್ಮೆ ಅವನ ಕೈಲಿ ಇನ್ನೂ ಬಂದಿಲ್ಲದೆ ಇರಬಹುದು. ಬುದ್ಧಿ ಕಡಿಮೆ ಅಂತ ಅರ್ಥ ಅಲ್ಲ. ಲೆಕ್ಕವನ್ನು ನನಗಿಂತ ಮೊದಲು ಬಾಯಲ್ಲಿ ಹೇಳಿ, ಪುಸ್ತಕದಲ್ಲಿ ಬರೆಯಲಾಗದ ಮಕ್ಕಳು ನನ್ನ ಕ್ಲಾಸಿನಲ್ಲಿ ಇದ್ದಾರೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ತಮ್ಮ ಕಾರ್ಡು ತಾವೇ ಎತ್ತಿಕೊಂಡು ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ, ಅಂದರೆ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ, ಎದ್ದು ಹೋಗುತ್ತಾರೆ. ಇಂಥ ಕಡೆ ಚಂಚಲ ಮಗು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಾಲ್ಕನೇ ಕ್ಲಾಸಿಗೆ ಬೆಂಚು ಬಂತು, ಬೋರ್ಡು ನೋಡಿ ಬರೆಯುವುದು ಬಂತು, ಅಲ್ಲಿಂದ ದೂರು ಶುರು. ಮಗು ಅದೇ, ಬದಲಾದದ್ದು ಜಾಗ. ಸ್ಟೆಲ್ಲಾ ಚೆಸ್ ಮತ್ತು ಅಲೆಕ್ಸಾಂಡರ್ ಥಾಮಸ್ ಎಂಬ ದಂಪತಿ ನ್ಯೂಯಾರ್ಕಿನಲ್ಲಿ 1956ರಿಂದ ಶಿಶುಗಳನ್ನು ದೊಡ್ಡವರಾಗುವ ತನಕ ಗಮನಿಸುತ್ತಾ ಬಂದು ಹೇಳಿದ್ದೂ ಇದನ್ನೇ. ಹುಟ್ಟು ಸ್ವಭಾವ ಒಂದೇ ಮಗುವಿನ ದಾರಿ ಹೇಳುವುದಿಲ್ಲ, ಸುತ್ತಲಿನವರ ನಿರೀಕ್ಷೆಗೂ ಆ ಸ್ವಭಾವಕ್ಕೂ ಹೊಂದಿಕೆ ಇದೆಯಾ ಅನ್ನುವುದೂ ಹೇಳುತ್ತೆ. ನಿಮ್ಮ ಮಗ ಎರಡನೇ ಕ್ಲಾಸಿಗೇ ಇಡೀ ದಿನ ಬೆಂಚಿನ ಮೇಲೆ ಕೂತು ಪುಟಗಟ್ಟಲೆ ಬರೆಯುವ ಶಾಲೆಯಲ್ಲಿದ್ದರೆ, ದೂರಿನಲ್ಲಿ ಸ್ವಲ್ಪ ಪಾಲು ಆ ಬೆಂಚಿನದ್ದೂ ಇದೆ.

ಈಗ ನಿಮ್ಮ ಪ್ರಶ್ನೆಯ ನಡುಭಾಗಕ್ಕೆ ಬರುತ್ತೇನೆ. ಎಲ್ಲರೂ ತಾಯಿ ಮಗುವನ್ನು ಹೇಗೆ ಬೆಳೆಸಿದಳು ಅಂತ ನೋಡುತ್ತಾರೆ. ಮಗು ತಾಯಿಯನ್ನು ಏನು ಮಾಡಿತು ಅಂತ ಯಾರೂ ನೋಡುವುದಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ಅಂತ ಇಟ್ಟುಕೊಳ್ಳಿ. ಹೊರಗೆ ಮಳೆ ಹೊಯ್ಯುತ್ತಿದೆ. ಶಾಲೆ ವ್ಯಾನು ಬರಲು ಹತ್ತೇ ನಿಮಿಷ. ನೀವು ಒಲೆ ಮುಂದೆ ರೊಟ್ಟಿ ತಟ್ಟುತ್ತಾ ಅಲ್ಲಿಂದಲೇ ‘ಸಾಕ್ಸ್ ಹಾಕ್ಕೋ’ ಅನ್ನುತ್ತೀರಿ. ಅವನು ಜಗಲಿಯಲ್ಲಿ ಒಂದು ಸಾಕ್ಸನ್ನು ಕೈಗೆ ಏರಿಸಿಕೊಂಡು ಬೆಕ್ಕನ್ನು ಆಡಿಸುತ್ತಿದ್ದಾನೆ. ಇನ್ನೊಂದು ಸಲ ಹೇಳುತ್ತೀರಿ. ಹೂಂ ಅನ್ನುತ್ತಾನೆ, ಕೈ ಬೆಕ್ಕಿನ ಕಡೆಗೇ. ಆಮೇಲೆ ನಿಮ್ಮ ಸ್ವರ ಏರುತ್ತೆ. ‘ಹಾಕಲ್ಲ ಹೋಗು’ ಅನ್ನುತ್ತಾನೆ. ನೀವು ಬೈಯುತ್ತೀರಿ, ಅವನು ಕಿರುಚುತ್ತಾನೆ, ಒಳಗಿಂದ ಅತ್ತೆ ಒಂದು ಮಾತು ಸೇರಿಸುತ್ತಾರೆ, ಕಾವಲಿಯ ಮೇಲೆ ರೊಟ್ಟಿ ಸೀದ ವಾಸನೆ. ವ್ಯಾನಿನ ಹಾರ್ನು ಕೇಳುತ್ತೆ. ನೀವೇ ಓಡಿ ಬಂದು ಕುಕ್ಕರಗಾಲಲ್ಲಿ ಕೂತು ಸಾಕ್ಸ್ ಎಳೆದು ಹಾಕಿ ಕಳಿಸುತ್ತೀರಿ.

ಈ ಹತ್ತು ನಿಮಿಷದಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತಿರಿ. ಸಾಕಷ್ಟು ಕಿರುಚಿದರೆ ಕೆಲಸ ತಪ್ಪುತ್ತೆ ಅಂತ ಅವನು ಕಲಿತ. ಕಿರುಚದೆ ಹೇಳಿದರೆ ಇವನಿಗೆ ಕೇಳುವುದಿಲ್ಲ ಅಂತ ನೀವು ಕಲಿತಿರಿ. ನಾಳೆ ಇಬ್ಬರೂ ಇವತ್ತಿಗಿಂತ ಒಂದು ಮೆಟ್ಟಿಲು ಮೇಲಿನಿಂದ ಶುರು ಮಾಡುತ್ತೀರಿ. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮನೆಮನೆಗೆ ವೀಕ್ಷಕರನ್ನು ಕಳಿಸಿ ಇಂಥ ಜಗಳಗಳನ್ನು ಮಾತು ಮಾತಾಗಿ ಬರೆಸಿದರು. ಹಠಮಾರಿ ಮಕ್ಕಳ ಮನೆಗಳಲ್ಲಿ ಅವರಿಗೆ ಕಂಡದ್ದು ಇದೇ ಸುತ್ತು. ಕೆಟ್ಟ ತಾಯಿ, ಕೆಟ್ಟ ಮಗು ಅಂತ ಇಲ್ಲಿ ಯಾರೂ ಇಲ್ಲ. ಸುಸ್ತಾದ ತಾಯಿ ಇದ್ದಾಳೆ, ತಡೆದುಕೊಳ್ಳಲಾಗದ ಮಗು ಇದೆ.

ಹಾಗಾದರೆ ಮೊದಲು ಬಂದದ್ದು ಯಾವುದು, ಅಮ್ಮನ ಬೈಗುಳವಾ, ಮಗುವಿನ ಚಂಚಲತೆಯಾ? 1970ರ ದಶಕದ ಕೊನೆಗೆ ರಸೆಲ್ ಬಾರ್ಕ್ಲಿ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿದರು. ಅತಿಚಟುವಟಿಕೆಯ ಮಕ್ಕಳು ಅಮ್ಮಂದಿರ ಜೊತೆ ಇರುವುದನ್ನು ಗಮನಿಸಿದರು. ಮಕ್ಕಳಿಗೆ ಕೆಲವು ಸಲ ಮೆಥೈಲ್‌ಫೆನಿಡೇಟ್ ಎಂಬ ಔಷಧ, ಕೆಲವು ಸಲ ಔಷಧವಿಲ್ಲದ ಮಾತ್ರೆ. ಔಷಧ ಕೊಟ್ಟಾಗ ಮಕ್ಕಳು ಮಾತು ಹೆಚ್ಚು ಕೇಳಿದರು. ಅಮ್ಮಂದಿರು ಆಜ್ಞೆ ಮಾಡುವುದು ಕಡಿಮೆ ಆಯಿತು, ಪ್ರೀತಿಯ ಮಾತು ಜಾಸ್ತಿ ಆಯಿತು. ಅಮ್ಮಂದಿರಿಗೆ ಯಾರೂ ಔಷಧ ಕೊಟ್ಟಿರಲಿಲ್ಲ! ಇದನ್ನು ಓದಿದ ದಿನ ನನ್ನ ಕಣ್ಣಲ್ಲಿ ನೀರು ಬಂತು. ಗೇಟಿನ ಹತ್ತಿರ ನಿಂತ ಎಷ್ಟೋ ಮುಖಗಳು ನೆನಪಾದವು.

ನಂಬಿಕೆಯೂ ಹೀಗೇ ಕೆಲಸ ಮಾಡುತ್ತೆ. ಸಿಹಿ ತಿಂದರೆ ಮಕ್ಕಳು ಕುಣಿಯುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. 1994ರ ಒಂದು ಅಧ್ಯಯನದಲ್ಲಿ ಎಲ್ಲ ಹುಡುಗರಿಗೂ ಸಕ್ಕರೆ ಇಲ್ಲದ ಪಾನೀಯ ಕೊಟ್ಟು, ಅರ್ಧ ಅಮ್ಮಂದಿರಿಗೆ ಮಾತ್ರ ‘ಸಕ್ಕರೆ ಹಾಕಿದ್ದೇವೆ’ ಅಂದರು. ಆ ಅಮ್ಮಂದಿರಿಗೆ ಮಗ ಜಾಸ್ತಿ ಗಲಾಟೆ ಮಾಡಿದ ಹಾಗೆ ಕಂಡಿತು. ಮಗನ ಪಕ್ಕ ಬಿಡದೆ ನಿಂತರು, ತಪ್ಪು ಹುಡುಕಿದರು. ಮನೆ ತುಂಬಾ ‘ಇವನು ಹಾಳಾದ ಮಗು’ ಅನ್ನುವ ಮಾತು ಓಡಾಡುತ್ತಿದ್ದರೆ ಅದೂ ಹೀಗೇ ಕಣ್ಣಿಗೆ ಕನ್ನಡಕ ಆಗುತ್ತೆ. ಅತ್ತೆಯವರಿಗೆ ಇದನ್ನು ಯಜಮಾನರು ಹೇಳಬೇಕು, ನೀವಲ್ಲ.

ಬೆಳೆಸುವ ರೀತಿಯಿಂದ ಗಮನವೇ ಕೆಡುವುದು ಉಂಟಾ? ಉಂಟು, ಆದರೆ ಎಂಥ ಸ್ಥಿತಿಯಲ್ಲಿ ಅಂತ ನೋಡಿ. ರುಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಬಿದ್ದಾಗ ಅಲ್ಲಿನ ಅನಾಥಾಲಯಗಳು ಜಗತ್ತಿಗೆ ಕಂಡವು. ಎತ್ತಿಕೊಳ್ಳುವವರಿಲ್ಲ, ಮಾತಾಡಿಸುವವರಿಲ್ಲ, ಹಸಿವು. ಅಲ್ಲಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಮೈಕೇಲ್ ರಟರ್ ಮತ್ತು ತಂಡ ದಶಕಗಳ ಕಾಲ ನೋಡಿದರು. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿದ್ದ ಎಷ್ಟೋ ಮಕ್ಕಳಲ್ಲಿ, ಒಳ್ಳೆಯ ಮನೆ ಸಿಕ್ಕಿದ ಮೇಲೂ, ಗಮನದ ತೊಂದರೆ ದೊಡ್ಡವರಾಗುವ ತನಕ ಉಳಿಯಿತು. ಗಮನ ಕೆಡಿಸುವ ಬೆಳೆಸುವಿಕೆ ಅಂದರೆ ಅದು. ಮೊಮ್ಮಗ ಕೇಳಿದ ಅಂತ ಎರಡು ಚಾಕೊಲೇಟು ಜಾಸ್ತಿ ಕೊಟ್ಟದ್ದು, ಹೆಗಲ ಮೇಲೆ ಮಲಗಿಸಿದ್ದು ಅಲ್ಲ.

ಈಗ ಮಾಡಬೇಕಾದ್ದು. ಮೊದಲು ಬೇರೆ ಕಾರಣ ಇದೆಯಾ ನೋಡಿಸಿ. ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ? ಮೂಗಿನ ಹಿಂದಿನ ಗಡ್ಡೆ ಊದಿ ನಿದ್ದೆ ಕೆಟ್ಟರೆ ಹಗಲು ಇದೇ ಥರ ಆಡುತ್ತಾರೆ. ಕೆಲವು ಕ್ಷಣ ಎಲ್ಲೋ ನೋಡುತ್ತಾ ನಿಂತು, ಕರೆದರೂ ಮುಟ್ಟಿದರೂ ಎಚ್ಚರ ಇಲ್ಲದೆ, ಆಮೇಲೆ ಏನೂ ಆಗದ ಹಾಗೆ ಇರುತ್ತಾನಾ? ಅದು ಒಂದು ಬಗೆಯ ಮೂರ್ಛೆರೋಗ ಇರಬಹುದು, ಡಾಕ್ಟರಿಗೆ ತಪ್ಪದೆ ಹೇಳಿ. ರಕ್ತಹೀನತೆಯನ್ನಂತೂ ಮರೆಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಕಬ್ಬಿಣದ ಅಂಶ ಕಡಿಮೆಯಾದ ಮಗುವಿನ ಗಮನ ನಿಲ್ಲುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಮಾತ್ರೆಯನ್ನು ಎಷ್ಟೋ ಮಕ್ಕಳು ನಮ್ಮ ಕಣ್ಣು ತಪ್ಪಿಸಿ ಉಗುಳುತ್ತಾರೆ. ನಿಮ್ಮ ಮಗನ ಶಾಲೆಯಲ್ಲಿ ಕೊಡುತ್ತಾರಾ, ನುಂಗುತ್ತಾನಾ ವಿಚಾರಿಸಿ.

ಬೆಳಗಿನ ಸಾಕ್ಸಿನ ವಿಷಯಕ್ಕೆ: ಅಡುಗೆಮನೆಯಿಂದ ಕೂಗಬೇಡಿ. ಹತ್ತಿರ ಹೋಗಿ, ಅವನ ಎತ್ತರಕ್ಕೆ ಬಗ್ಗಿ, ಹೆಗಲು ಮುಟ್ಟಿ, ಒಂದೇ ಕೆಲಸ ಹೇಳಿ. ‘ರೆಡಿಯಾಗು’ ಅಂದರೆ ಅವನಿಗೆ ಅದು ಆರು ಕೆಲಸ. ‘ಈ ಕಾಲಿಗೆ ಸಾಕ್ಸ್’ ಅಂದರೆ ಒಂದು. ಹಾಕಿದ ತಕ್ಷಣ, ಸಂಜೆಗೆ ಕಾಯದೆ, ಒಳ್ಳೆಯ ಮಾತು ಹೇಳಿ. ಇಂಥ ಮಕ್ಕಳಿಗೆ ಸಂಜೆಯ ಬಹುಮಾನ ತುಂಬಾ ದೂರ. ಸಣ್ಣಪುಟ್ಟ ಕುಣಿತ, ಗುನುಗು ಕಂಡರೂ ಕಾಣದ ಹಾಗೆ ಬಿಡಿ. ಬಿಡಲಾಗದ ತಪ್ಪಿಗೆ ಮೊದಲೇ ಹೇಳಿಟ್ಟ ಸಣ್ಣ ಶಿಕ್ಷೆ, ಕೂಗಾಟ ಇಲ್ಲದೆ. ಮನೆಯಲ್ಲಿ ಎಲ್ಲರದ್ದೂ ಒಂದೇ ನಿಯಮ ಇರಲಿ. ಅಪ್ಪ ಬೇಡ ಅಂದದ್ದನ್ನು ಅಜ್ಜಿ ಕೊಟ್ಟರೆ ಆಗಲಿಲ್ಲ. ತಂದೆತಾಯಿಗೆ ಇದನ್ನು ಕಲಿಸುವ ತರಬೇತಿಗಳ ಫಲ ಅಳೆದು ನೋಡಿದ್ದಾರೆ. ಹಠ, ಜಗಳ ಚೆನ್ನಾಗಿ ಇಳಿಯುತ್ತೆ, ತಾಯಿಗೆ ಧೈರ್ಯ ಬರುತ್ತೆ. ಗಮನದ ಮೂಲ ಕೊರತೆ ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕೇ ಮೇಲೆ ಎರಡೂ ನಿಜ ಅಂದಿದ್ದು.

ಹೊಡೆಯುವುದು ಬೇಡವೇ ಬೇಡ. ಹೊಡೆತ ಆ ಕ್ಷಣಕ್ಕೆ ನಿಲ್ಲಿಸುತ್ತೆ, ವರ್ಷ ಕಳೆದಂತೆ ಮಗು ಇನ್ನೂ ಒರಟಾಗುತ್ತೆ. ಶಾಲೆಯಲ್ಲಿ ಹೊಡೆದರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ನಿಷೇಧ. ಇದನ್ನು ಶಿಕ್ಷಕಿಯಾಗಿಯೇ ಹೇಳುತ್ತಿದ್ದೇನೆ, ಹೋಗಿ ಕೇಳಿ.

ಮಳೆಗಾಲದಲ್ಲಿ ನಮ್ಮ ಕಡೆ ಮಕ್ಕಳಿಗೆ ಮೊಬೈಲ್ ಜಾಸ್ತಿಯಾಗುತ್ತೆ, ಗೊತ್ತು. ಡಿಸಿ ರಜೆ ಕೊಟ್ಟ ದಿನ ಹೊರಗೆ ಬಿಡುವ ಹಾಗಿಲ್ಲ. ಮೊಬೈಲ್‌ಗಿಂತ ನಿದ್ದೆ ನನಗೆ ಮುಖ್ಯ. ಈ ವಯಸ್ಸಿಗೆ ಒಂಬತ್ತು ಗಂಟೆಗಿಂತ ಕಡಿಮೆ ಆಗಬಾರದು. ಜಗಲಿಯಲ್ಲೋ ಅಟ್ಟದಲ್ಲೋ ಓಡಲು, ಜಿಗಿಯಲು ಜಾಗ ಮಾಡಿಕೊಡಿ. ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ಇಂಥ ಮಕ್ಕಳಿಗೆ ಅಪಘಾತ ಜಾಸ್ತಿ. ಯೋಚನೆ ಬರುವ ಮೊದಲೇ ಕಾಲು ಹೋಗಿರುತ್ತೆ. ತುಂಬಿದ ಹಳ್ಳ, ಕಾಲುಸಂಕ, ಕಟ್ಟೆ ಇಲ್ಲದ ಬಾವಿ, ಅಂಗಳದ ಪಾಚಿ, ಇವುಗಳ ಹತ್ತಿರ ‘ಹೇಳಿದ್ದೇನೆ, ಹೋಗಲ್ಲ’ ಅಂತ ನಂಬಿ ಬಿಡಬೇಡಿ. ದೊಡ್ಡವರೊಬ್ಬರು ಜೊತೆಗಿರಲಿ.

ಎಲ್ಲಿ ತೋರಿಸುವುದು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಮನೋವೈದ್ಯಕೀಯ ವಿಭಾಗ ಎರಡೂ ಇವೆ. ಮನೋವೈದ್ಯರು ಅಂದರೆ ಹೆದರಬೇಡಿ. ಡಾ. ಅಶೋಕ್ ಪೈ ಅಂಥವರು ದಶಕಗಳ ಕಾಲ ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಮನಸ್ಸಿನ ಬಗ್ಗೆ ಹೇಳಿಕೊಟ್ಟ ಊರು ಇದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಮೊದಲು ಮಾತಾಡಿ ನೋಡಬೇಕು ಅಂದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಎರಡು ಹಾಳೆ ಬರೆದುಕೊಂಡು ಹೋಗಿ. ಒಂದು ಮನೆಯಲ್ಲಿ ನೀವು ಕಂಡದ್ದು, ಇನ್ನೊಂದು ಅವನ ಟೀಚರ್ ಕೈಯಲ್ಲಿ ಬರೆಸಿದ್ದು. ಯಾಕೆಂದರೆ ತೊಂದರೆ ಎರಡು ಕಡೆಯಾದರೂ ಕಾಣಬೇಕು, ಆರು ತಿಂಗಳಿಗಿಂತ ಹಳೆಯದಿರಬೇಕು, ಹನ್ನೆರಡು ವರ್ಷದೊಳಗೆ ಶುರುವಾಗಿರಬೇಕು. ಆಗಲೇ ಡಾಕ್ಟರು ಎಡಿಎಚ್‌ಡಿ ಅನ್ನುತ್ತಾರೆ. ಶಾಲೆಯಲ್ಲಿ ಮಾತ್ರ ಅಥವಾ ಮನೆಯಲ್ಲಿ ಮಾತ್ರ ಇದ್ದರೆ ಬೇರೆ ಏನೋ ಇದೆ ಅಂತ ಹುಡುಕುತ್ತಾರೆ. ಔಷಧ ಬೇಕು ಅಂದರೆ ಹೌಹಾರಬೇಡಿ, ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಇಂಥ ಅಡ್ಡಪರಿಣಾಮಗಳನ್ನು ಕೇಳಿ ತಿಳಿದುಕೊಳ್ಳಿ. ಡಾಕ್ಟರೇ ಬೇಡ ಅಂದರೆ ಔಷಧಕ್ಕೆ ಒತ್ತಾಯ ಮಾಡಬೇಡಿ.

ಇನ್ನು ಹಾಸ್ಟೆಲ್. ಏಳು ವರ್ಷಕ್ಕೆ ಬೇಡ. ಯಜಮಾನರು ಕೆಟ್ಟದ್ದು ಬಯಸಿ ಹೇಳುತ್ತಿಲ್ಲ, ಶಿಸ್ತು ಬರಲಿ ಅಂತ ಹೇಳುತ್ತಿದ್ದಾರೆ. ಆದರೆ ಈ ಮಗುವಿಗೆ ಬೇಕಾದ್ದು ಪಕ್ಕದಲ್ಲಿ ಬಂದು ಹೆಗಲು ಮುಟ್ಟಿ ಒಂದೊಂದೇ ಕೆಲಸ ಹೇಳುವ ಒಬ್ಬರು. ನೂರು ಮಕ್ಕಳಿಗೆ ಇಬ್ಬರು ವಾರ್ಡನ್ ಇರುವ ಕಡೆ ಅದು ಸಿಗುವುದಿಲ್ಲ, ಬೈಗುಳ ಸಿಗುತ್ತೆ. ಮೆಗ್ಗಾನ್‌ಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಮುಂದಿನ ಕುರ್ಚಿಯಲ್ಲಿ ಅವರೇ ಕೂರಲಿ, ಅವರೇ ಕೇಳಲಿ, ತಾನು ಚಿಕ್ಕವನಿದ್ದಾಗ ಹೇಗಿದ್ದೆ ಅನ್ನುವುದನ್ನೂ ಅವರೇ ಹೇಳಲಿ.